ಹದಿನಾರು ಸಾವಿರದ ಗೆರೆ

ಹದಿನಾರು ಸಾವಿರದ ಗೆರೆಯ ಮೇಲೆ ಏನೂ ಇರಲಿಲ್ಲ.

ಗಿರಿಜಾಂಬ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿ ಮತ್ತೆ ನೋಡಿದರು. ಮೆಹ್ರೀನಳ ಲ್ಯಾಪ್‌ಟಾಪಿನ ಪರದೆಯ ಮೇಲೆ ಒಂದು ಹಾಡಿನ ಚಿತ್ರವಿತ್ತು. ಕೆಳಗೆ ದಪ್ಪ ಸ್ವರಗಳು, ಮೇಲೆ ಹೋದಂತೆ ಸಣ್ಣ ಸ್ವರಗಳು. ಸದ್ದು ಇದ್ದಲ್ಲಿ ಕಿತ್ತಳೆ ಬಣ್ಣ, ಇಲ್ಲದಲ್ಲಿ ಕಪ್ಪು. ಹದಿನಾರು ಸಾವಿರ ಹರ್ಟ್ಸ್ ಎಂದು ಬರೆದಿದ್ದ ಕಡೆ ಆ ಕಿತ್ತಳೆ ಬಣ್ಣ ಕತ್ತರಿ ಹಾಕಿದ ಹಾಗೆ ನೇರವಾಗಿ ನಿಂತುಹೋಗಿತ್ತು.

"ಮುಂದಿನದು ಹಾಕಮ್ಮ."

ಮೆಹ್ರೀನ್ ಹಾಕಿದಳು. ಅದೂ ಅಲ್ಲೇ ನಿಂತಿತ್ತು.

"ಇಪ್ಪತ್ತಮೂರೂ ಹೀಗೇ ಮೇಡಂ. ಎಷ್ಟು ಸಲ ನೋಡಿದ್ದೀನಿ."

"ನಾನು ಒಂದು ಸಲವೂ ನೋಡಿಲ್ಲವಲ್ಲ. ಹಾಕು."

ಗಿರಿಜಾಂಬ ರಾಮನಗರದ ರೇಷ್ಮೆ ಪರೀಕ್ಷಾ ಕೇಂದ್ರದಲ್ಲಿ ಮೂವತ್ತೊಂದು ವರ್ಷ ಕೆಲಸ ಮಾಡಿ ನಿವೃತ್ತರಾದವರು. ನೂಲನ್ನು ಕಪ್ಪು ಹಲಗೆಗೆ ಒತ್ತಾಗಿ ಸುತ್ತಿ, ಕತ್ತಲೆ ಕೋಣೆಯಲ್ಲಿ ಒಂದೇ ದೀಪದ ಕೆಳಗೆ ನಿಲ್ಲಿಸಿ, ಗಂಟು ಎಲ್ಲಿದೆ, ಎಳೆ ಎಲ್ಲಿ ತೆಳುವಾಗಿದೆ ಎಂದು ಹೇಳುವುದು ಅವರ ಕೆಲಸವಾಗಿತ್ತು. ಕಪ್ಪಿನ ಮೇಲೆ ಬಣ್ಣ ನೋಡುವುದು ಅವರಿಗೆ ಹೊಸದಲ್ಲ. ಹಾಡಿನ ವಿಷಯ ಹೊಸದು. ತಂದೆಯ ಮೇಲಿನ ಅಪವಾದ ಪರೀಕ್ಷಿಸಿ ನೋಡಿ ಎಂದು ಕೇಳಿಕೊಂಡು ಬಂದಿದ್ದ ಮೆಹ್ರೀನ್ ಮೂರು ದಿನದಿಂದ ಪಾಠ ಹೇಳುತ್ತಿದ್ದಳು.

ಅವಳ ತಂದೆ ಶುಕೂರ್ ಸಾಹೇಬರು ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕುಳಿತಿದ್ದರು. ಎಪ್ಪತ್ತೊಂದು ವರ್ಷ, ಚನ್ನಪಟ್ಟಣದಲ್ಲಿ ಟೇಪ್ ಅಂಗಡಿ. ಮಾಗಡಿಯ ತತ್ವಪದದ ಸಿದ್ದಗಂಗಯ್ಯನವರ ಇಪ್ಪತ್ತಮೂರು ಹಾಡುಗಳನ್ನು ಎಂಬತ್ತಾರನೆಯ ಇಸವಿಯಲ್ಲಿ ಏಳು ದೊಡ್ಡ ಸುರುಳಿ ಟೇಪುಗಳಿಗೆ ತುಂಬಿಸಿದವರು ಅವರೇ. ಹೋದ ಆಷಾಢದಲ್ಲಿ ಆ ಟೇಪುಗಳನ್ನು ಮಗಳ ಕೈಯಲ್ಲಿ ಕಂಪ್ಯೂಟರಿಗೆ ಇಳಿಸಿ, ಪೆನ್‌ಡ್ರೈವಿಗೆ ಹಾಕಿಸಿ ಸಿದ್ದಗಂಗಯ್ಯನವರಿಗೆ ಕೊಟ್ಟವರೂ ಅವರೇ. ಕೊಟ್ಟದ್ದು ನಕಲಿ, ಅಸಲಿಯನ್ನು ಅವರೇ ಇಟ್ಟುಕೊಂಡಿದ್ದಾರೆ ಎಂದು ಸಿದ್ದಗಂಗಯ್ಯನವರ ಮಗ ಶಶಿಕಿರಣ್ ಈ ದಿನ ಮೂರು ಗಂಟೆಗೆ ಮಾಗಡಿ ಠಾಣೆಯಲ್ಲಿ ದೂರು ಕೊಡುವವನಿದ್ದ.

"ಟೇಪು ಅಂದ್ರೆ ಸುಯ್ ಅನ್ನಬೇಕು ಮೇಡಂ," ಶುಕೂರ್ ಸಾಹೇಬರು ಹೇಳಿದರು. "ಹಾಡು ನಿಂತ್ರೂ ಅದು ನಿಲ್ಲಾಕಿಲ್ಲ. ಮೇಲ್ಗಂಟ ಹೋಯ್ತಾನೇ ಇರ್ತದೆ. ಇದ್ರಲ್ಲಿ ಎಲ್ಲೈತೆ? ನಾವು ಕೊಟ್ಟಿದ್ದು ಇದಲ್ಲ."

"ಮೇಲೆ ಅಂದರೆ ಎಲ್ಲಿಯವರೆಗೆ?"

"ಚಿತ್ರದ ತುದಿವರೆಗೂ," ಎಂದಳು ಮೆಹ್ರೀನ್. "ನಾವು ಮಾಡಿಕೊಟ್ಟಿದ್ದು ಫ್ಲ್ಯಾಕ್ ಫೈಲು. ಏನನ್ನೂ ಬಿಸಾಡದೆ ಮಡಿಚಿ ಇಡೋದು. ಎಂಪಿತ್ರಿ ಹಾಗಲ್ಲ ಮೇಡಂ. ಕಿವಿಗೆ ಗೊತ್ತಾಗಲ್ಲ ಅನ್ನಿಸಿದ್ದನ್ನೆಲ್ಲ ಬಿಸಾಡತ್ತೆ. ಚಿಕ್ಕ ಎಂಪಿತ್ರಿ ಆದರೆ ಹದಿನಾರು ಸಾವಿರದ ಮೇಲಿನದ್ದು ಪೂರ್ತಿ ಹೋಗತ್ತೆ."

"ಬಿಸಾಡಿದ ಮೇಲೆ ಮತ್ತೆ ಫ್ಲ್ಯಾಕ್ ಮಾಡಿದರೆ?"

"ಫೈಲು ದಪ್ಪ ಆಗತ್ತೆ, ಅಷ್ಟೇ. ಹೋದದ್ದು ಬರಲ್ಲ."

ಗಿರಿಜಾಂಬ ತಲೆಯಾಡಿಸಿದರು. ತೂಕ ಬರಲೆಂದು ನೂಲಿಗೆ ನೀರು ಚಿಮುಕಿಸಿ ತರುತ್ತಿದ್ದ ರೀಲರುಗಳನ್ನು ಅವರು ಕಂಡಿದ್ದರು. ಒಲೆಯಲ್ಲಿ ಒಣಗಿಸಿ ತೂಗಿದರೆ ನಿಜ ತಿಳಿಯುತ್ತಿತ್ತು. ಬೆಂಗಳೂರಿನ ಧ್ವನಿ ಭಂಡಾರದ ಭಾನುಪ್ರಿಯ ಎಂಬ ಹುಡುಗಿ ಶಶಿಕಿರಣ್ ಕಳಿಸಿದ್ದ ಈ ಫೈಲುಗಳನ್ನು ಹಾಗೆಯೇ ಒಣಗಿಸಿ ನೋಡಿ, ನಕಲಿ ಎಂದು ವಾಪಸು ಕಳಿಸಿದ್ದಳು; ಗಿರಿಜಾಂಬ ಕೇಳಿದಾಗ ಅವರಿಗೂ ಒಂದು ಪ್ರತಿ ಕೊಟ್ಟಿದ್ದಳು.

"ಟೇಪುಗಳಿದ್ದಿದ್ದರೆ ಇನ್ನೊಮ್ಮೆ ಇಳಿಸಬಹುದಿತ್ತು," ಎಂದರು.

ಸಿದ್ದಗಂಗಯ್ಯನವರನ್ನು ಕೂರಿಸಿ ಮಣ್ಣು ಮಾಡಿದ ದಿನ ಶಶಿಕಿರಣ್ ಏಳೂ ಟೇಪುಗಳನ್ನು ತಂದೆಯ ಮಡಿಲಲ್ಲಿಟ್ಟಿದ್ದ. ಹಾಡುಗಳು ಪೆನ್‌ಡ್ರೈವಿನಲ್ಲಿವೆಯಲ್ಲ, ಟೇಪು ಅಪ್ಪನ ಜೊತೆಗೇ ಹೋಗಲಿ ಎಂದು. ಮೇಲೆ ಉಪ್ಪು, ವಿಭೂತಿ, ಬಿಲ್ವಪತ್ರೆ, ಮಣ್ಣು. ಅದಾಗಿ ನಾಲ್ಕು ತಿಂಗಳು ಕಳೆದಿತ್ತು.

"ನೀವೊಂದು ಪ್ರತಿ ಇಟ್ಟುಕೊಂಡಿದ್ದರೂ ಇಷ್ಟು ಫಜೀತಿ ಇರುತ್ತಿರಲಿಲ್ಲ ಸಾಹೇಬರೇ."

"ಇಟ್ಕಳಾಕಿಲ್ಲ ಮೇಡಂ." ಅವರು ಕಿಟಕಿಯ ಕಡೆ ನೋಡುತ್ತಾ ಹೇಳಿದರು. "ತೊಂಬತ್ತೊಂದ್ರಲ್ಲಿ ಅವ್ರ ಕೈ ಹಿಡ್ದು ಮಾತು ಕೊಟ್ಟಿದ್ದು."

ಆ ವರ್ಷ ಸಿದ್ದಗಂಗಯ್ಯನವರ ಹಾಡಿನ ಕಳ್ಳ ಕ್ಯಾಸೆಟ್ಟುಗಳು ಬಸ್ ಸ್ಟ್ಯಾಂಡುಗಳಲ್ಲಿ ಮಾರಾಟವಾಗಿದ್ದವು. ಎಲ್ಲರೂ ಶುಕೂರ್ ಸಾಹೇಬರ ಕಡೆ ಕೈ ತೋರಿಸಿದರು. ಸಿದ್ದಗಂಗಯ್ಯನವರು ಮಾತ್ರ ತೋರಿಸಲಿಲ್ಲ. ಅಂದಿನಿಂದ ಸಾಹೇಬರ ಅಂಗಡಿಯಲ್ಲಿ ಯಾರ ಧ್ವನಿಯ ಪ್ರತಿಯೂ ಉಳಿಯುತ್ತಿರಲಿಲ್ಲ. ಸಾತನೂರಿನವರು ಅಜ್ಜಿ ಹಾಡಿದ ಸೋಬಾನೆ ಪದಗಳನ್ನು, ಮರಳವಾಡಿಯವರು ತಾತನ ಹರಿಕಥೆಯನ್ನು ಅವರ ಕೈಗೆ ಕೊಟ್ಟು ಹೋಗುತ್ತಿದ್ದದ್ದು ಆ ಮಾತಿನ ಮೇಲೆ. ಈ ಹದಿನೈದು ದಿನದಲ್ಲಿ ಹನ್ನೊಂದು ಮನೆಯವರು ಬಂದು, ಇಳಿಸಲು ಕೊಟ್ಟಿದ್ದ ತಮ್ಮ ಟೇಪುಗಳನ್ನು ವಾಪಸು ತೆಗೆದುಕೊಂಡು ಹೋಗಿದ್ದರು. ಯಾರೂ ಜಗಳವಾಡಲಿಲ್ಲ. ಮುಖ ನೋಡದೆ ತೆಗೆದುಕೊಂಡು ಹೋದರು.

"ಅಂಗಡಿ ಹೋದ್ರೆ ಹೋಗ್ಲಿ ಮೇಡಂ. ಆ ಮಾತೊಂದು ಹೋಗ್ಬಾರ್ದು."

"ಪಟ್ಟಿ ಕೊಡಿ ನೋಡೋಣ."

ಸಾಹೇಬರು ಅಂಗಿಯ ಜೇಬಿನಿಂದ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿದ್ದ ಕಾಗದ ತೆಗೆದರು. ಕ್ಯಾಸೆಟ್ಟಿನ ಕಾಲದ ಪದ್ಧತಿ ಅದು. ಯಾವ ಹಾಡು ಎಷ್ಟು ನಿಮಿಷ ಎಂದು ಕಾರ್ಬನ್ ಇಟ್ಟು ಬರೆದು, ಎರಡು ಪ್ರತಿಗೂ ಹಾಡಿದವರ ಸಹಿ ಹಾಕಿಸಿಕೊಳ್ಳುವುದು. ಮೆಹ್ರೀನ್ ಅದಕ್ಕೆ ಇನ್ನೊಂದು ಸಾಲು ಸೇರಿಸಿದ್ದಳು. ಪ್ರತಿ ಫೈಲಿಗೂ ಕಂಪ್ಯೂಟರ್ ಲೆಕ್ಕ ಹಾಕಿ ಕೊಡುವ ಗುರುತಿನ ಕೊನೆಯ ಆರು ಅಕ್ಷರ. ಹಾಡಿನಲ್ಲಿ ಒಂದು ಕೂದಲೆಳೆ ಬದಲಾದರೂ ಆ ಗುರುತು ಪೂರ್ತಿ ಬದಲಾಗುತ್ತಿತ್ತು. ಕೆಳಗೆ ಸಿದ್ದಗಂಗಯ್ಯನವರ ನಡುಗುವ ಸಹಿ.

ಗಿರಿಜಾಂಬ ಗುರುತುಗಳನ್ನು ಬಿಟ್ಟು ನಿಮಿಷಗಳನ್ನು ನೋಡಿದರು.

"ಮೂರನೆಯ ಹಾಡು. ಪಟ್ಟಿಯಲ್ಲಿ ಆರು ನಿಮಿಷ ಹನ್ನೊಂದು ಸೆಕೆಂಡು, ಅದರ ಮೇಲೆ ಸೆಕೆಂಡಿನ ಸಾವಿರದಲ್ಲಿ ನಾನೂರ ಎಂಟು ಭಾಗ. ಈ ಫೈಲಿನಲ್ಲಿ ನಾನೂರ ಐವತ್ತಾರು."

ಮೆಹ್ರೀನ್ ಬಗ್ಗಿದಳು. "ಅಷ್ಟು ಸಣ್ಣದನ್ನ ನಾನು ನೋಡೇ ಇರಲಿಲ್ಲ."

"ಏಳನೆಯದೂ ಉದ್ದ. ಹತ್ತನೆಯದೂ. ಯಾವುದೂ ಗಿಡ್ಡ ಆಗಿಲ್ಲ, ಎಲ್ಲವೂ ಉದ್ದ ಆಗಿವೆ."

"ಎಂಪಿತ್ರಿ ಹಾಡನ್ನ ಒಂದೇ ಅಳತೆಯ ತುಂಡು ಮಾಡತ್ತೆ ಮೇಡಂ. ಕೊನೆ ತುಂಡು ತುಂಬದೆ ಹೋದರೆ ಒಸಿ ಮೌನ ಸೇರಿಸತ್ತೆ."

"ಅಂದರೆ ಇವು ನಿನ್ನ ಫೈಲುಗಳೇ. ನೀನು ಅಳೆದ ಮೇಲೆ ಯಾರೋ ಎಂಪಿತ್ರಿ ಮಾಡಿದ್ದಾರೆ, ಅದನ್ನೇ ಮತ್ತೆ ಫ್ಲ್ಯಾಕ್ ಮಾಡಿದ್ದಾರೆ."

"ಹೌದು ಮೇಡಂ! ಹಾಗಾದರೆ..."

"ಹಾಗಾದರೆ ಏನೂ ಇಲ್ಲ. ಆ ಯಾರೋ ನೀವೇ ಅಂತಾನೆ ಶಶಿಕಿರಣ್. ಅಸಲಿಯನ್ನು ಅಳೆದು ಪಟ್ಟಿ ಬರೆದು, ನಕಲಿಯನ್ನು ತುಂಬಿಕೊಟ್ಟಿರಿ ಅಂತಾನೆ." ಗಿರಿಜಾಂಬ ಕಾಗದ ಮಡಿಚಿದರು. "ಕೊಟ್ಟ ದಿನ ಆ ಪೆನ್‌ಡ್ರೈವನ್ನು ಬೇರೆ ಯಾವುದಕ್ಕಾದರೂ ಹಾಕಿದ್ದೆಯಾ?"

ಮೆಹ್ರೀನ್ ಯೋಚಿಸಿದಳು. "ಅಜ್ಜಿ ಫೋನಿಗೆ. ಸಿದ್ದಗಂಗಯ್ಯನವರ ಹೆಂಡತಿ, ಶಿವಲಿಂಗಮ್ಮ. ನಂಗೂ ಒಂದು ಹಾಕ್ಕೊಡವ್ವ ಅಂದರು. ಅವರ ಫೋನಲ್ಲಿ ಒಂದೇ ಹಾಡಿಗೆ ಜಾಗ ಇತ್ತು. ಐದನೇದನ್ನ ಹಾಕ್ಕೊಟ್ಟೆ."

"ಇಷ್ಟು ದಿನ ಹೇಳಲೇ ಇಲ್ಲವಲ್ಲ."

"ಅದೇನು ಹೇಳೋ ಅಂಥ ಕೆಲಸ ಮೇಡಂ? ಎರಡು ನಿಮಿಷ."

ಗಿರಿಜಾಂಬ ಎದ್ದು ಚೀಲಕ್ಕೆ ಕೈ ಹಾಕಿದರು. "ಇನ್ನೊಂದು ಕೇಳ್ತೀನಿ. ಆಮೇಲೆ ಆ ಹಾಡುಗಳನ್ನು ಎಲ್ಲಾದರೂ ಹಾಕಿದ್ದರೇ?"

ಉತ್ತರ ಕೊಟ್ಟವರು ಶುಕೂರ್ ಸಾಹೇಬರು. "ಅವ್ರು ತೀರ್ಕಂಡ್ ಮೇಲೆ ಶಿವಗಣಾರಾಧನೆ ದಿನ ಮೈಕಲ್ಲಿ ಹಾಕಿದ್ರು. ನಾನು ಹೋಗಿದ್ದೆ. ಹಿಂದ್ಗಡೆ ನಿಂತ್ಕಂಡು ಪೂರಾ ಕೇಳ್ಕಂಡು ಬಂದೆ."

"ಹೇಗಿತ್ತು?"

"ಆ ಹಾರನ್ನಲ್ಲಿ ಏನ್ ಗೊತ್ತಾಯ್ತದೆ ಮೇಡಂ. ಅವ್ರ ಗಂಟ್ಲು ಅಷ್ಟೇ ಕೇಳಿದ್ದು."

ಮೂವರೂ ಬಸ್ ಸ್ಟ್ಯಾಂಡಿಗೆ ಬರುವಷ್ಟರಲ್ಲಿ ಮಾಗಡಿಯ ಬಸ್ಸು ಹೊರಟಾಗಿತ್ತು. ಶುಕೂರ್ ಸಾಹೇಬರ ಮೊಣಕಾಲು ಸರಿಯಿರಲಿಲ್ಲ, ಓಡುವ ಹಾಗಿರಲಿಲ್ಲ. ಕಂಡಕ್ಟರ್ ಅವರನ್ನು ನೋಡಿ ಸೀಟಿ ಊದಿ ಬಸ್ಸು ನಿಲ್ಲಿಸಿದ, ಕೈ ಕೊಟ್ಟು ಹತ್ತಿಸಿಕೊಂಡ, ತನ್ನ ಸೀಟಿನ ಮೇಲಿದ್ದ ಚೀಲ ಎತ್ತಿ ಅಲ್ಲೇ ಕೂರಿಸಿದ. ದಾರಿಯುದ್ದಕ್ಕೂ ತಾನು ನಿಂತೇ ಇದ್ದ.

ಅವತ್ತು ಮೈಕ್ ಹಾಕಿದ್ದ ಜಯಕುಮಾರನ ಮೈಕ್ ಸೆಟ್ ಅಂಗಡಿ ಮಾಗಡಿ ಬಸ್ ಸ್ಟ್ಯಾಂಡಿಗೆ ಹತ್ತಿರವಿತ್ತು. ಒಳಗೆ ಹಾರನ್ನುಗಳು, ಬಣ್ಣದ ಸೀರಿಯಲ್ ಲೈಟಿನ ಸುರುಳಿಗಳು. ಅವನು ನಲವತ್ತರ ಆಸುಪಾಸಿನ, ನಗುಮುಖದ ದಪ್ಪ ಆಳು. ಕುರ್ಚಿಯನ್ನು ಅಂಗಿಯ ತುದಿಯಲ್ಲೇ ಒರೆಸಿ ಗಿರಿಜಾಂಬ ಅವರನ್ನು ಕೂರಿಸಿದ.

"ಸಿದ್ದಗಂಗಯ್ಯನೋರ ಕಾರ್ಯಕ್ಕಾ? ನಾನೇ ಹಾಕಿದ್ದು ಮೇಡಂ. ಒಂದ್ ರೂಪಾಯಿ ಮುಟ್ಟಿಲ್ಲ. ನನ್ ಮದ್ವೇಲಿ ಬೆಳ್ಗಾನ ಹಾಡೋರೆ ಆ ಮಹಾನುಭಾವ್ರು."

"ಪೆನ್‌ಡ್ರೈವಿನಿಂದ ಹಾಕಿದಿರಾ?"

"ಹೂಂ. ಆದ್ರೆ ಅದು ಓಡ್ನೇ ಇಲ್ಲ ಕಣ್ರೀ. ನಮ್ ಮಿಕ್ಸರಿಗೆ ಅದೆಂಥದೋ ಜಾತಿ ಫೈಲು, ಗೊತ್ತೇ ಆಗ್ಲಿಲ್ಲ. ಜನ ಆಗ್ಲೇ ಬಂದು ಕುಂತವ್ರೆ. ಲಗುಬಗೆಲಿ ಕಂಪ್ಯೂಟರಿಗೆ ಹಾಕಿ ಎಲ್ಲಾನೂ ಎಂಪಿತ್ರಿ ಮಾಡ್ಬುಟ್ಟೆ. ಆಮ್ಯಾಕೆ ಸೂಪರಾಗಿ ಓಡ್ತು."

ಮೆಹ್ರೀನ್ ಏನೋ ಹೇಳಹೊರಟಳು. ಗಿರಿಜಾಂಬ ಅವಳ ಕೈಯ ಮೇಲೆ ಕೈಯಿಟ್ಟರು.

"ಹಳೆಯ ಫೈಲುಗಳು?"

"ಅಳಿಸ್ಬುಟ್ಟೆ." ಜಯಕುಮಾರ್ ಹೆಮ್ಮೆಯಿಂದಲೇ ಹೇಳಿದ. "ಒಂದೊಂದು ಹಾಡೂ ಎರಡೆರಡು ಸಲ ತೋರಿಸ್ತಿತ್ತು. ಪಾಪ, ಮನೇವ್ರಿಗೆ ಗೊಂದ್ಲ ಆಯ್ತದೆ ಅಂತ ನೀಟಾಗಿ ಕಿಲೀನ್ ಮಾಡ್ಕೊಟ್ಟೆ. ಶಶಿಗೂ ಹೇಳಿದ್ನಲ್ಲ. ಓಡ್ದೇ ಇರೋವ್ನೆಲ್ಲ ತೆಗ್ದಿವ್ನಿ ಕಣ್ಲಾ, ಈಗ ಯಾವ್ ಮೊಬೈಲಲ್ಲಾದ್ರೂ ಓಡ್ತದೆ ಅಂತ."

"ಶಶಿಕಿರಣ್ ಏನಂದರು?"

"ಏನಂತಾನೆ, ಕಣ್ಣೀರ್ ಹಾಕ್ಕಂಡು ಕೈ ಮುಗ್ದ." ಅವನ ನಗು ಮೆಲ್ಲಗೆ ಇಳಿಯಿತು. "ಯಾಕ್ ಮೇಡಂ? ನಾನೇನಾರ ತಪ್ಪು ಮಾಡ್ದ್ನಾ?"

"ನಿಮಗೆ ಗೊತ್ತಿರಲಿಲ್ಲ," ಎಂದಷ್ಟೇ ಹೇಳಿ ಗಿರಿಜಾಂಬ ಎದ್ದರು.

ಶಶಿಕಿರಣ್ ಜಗುಲಿಯಲ್ಲೇ ಇದ್ದ. ಬೀಜ, ಗೊಬ್ಬರ, ಔಷಧಿಯ ಅಂಗಡಿ ಮನೆಯ ಮುಂಭಾಗದಲ್ಲೇ ಇತ್ತು. ದೂರಿನ ಕಾಗದ ಟೈಪಾಗಿ ಅಂಗಡಿ ಮೇಜಿನ ಗಾಜಿನ ಕೆಳಗೆ ಕುಳಿತಿತ್ತು.

"ಏನ್ ಮೇಡಂ, ಸಾಬ್ರನ್ನೇ ಕರ್ಕಂಡ್ ಬಂದ್ಬುಟ್ರಿ? ಪಂಚಾಯ್ತಿ ಮಾಡಾಕಾ?"

"ನಿಮ್ಮ ತಾಯಿಯವರ ಫೋನು ನೋಡಬೇಕಿತ್ತು."

"ನಮ್ಮವ್ವನ ಫೋನಲ್ಲಿ ಏನೈತೆ?"

"ನೋಡಿದರೆ ತಿಳಿಯುತ್ತೆ."

ಮಾತು ಕೇಳಿ ಶಿವಲಿಂಗಮ್ಮ ತಾವೇ ಹೊರಗೆ ಬಂದರು. ಕೈಯಲ್ಲಿ ಅವರೆಕಾಯಿಯ ಸಿಪ್ಪೆ. ಶುಕೂರ್ ಸಾಹೇಬರನ್ನು ಕಂಡು ಒಂದು ಗಳಿಗೆ ನಿಂತರು. ಆಮೇಲೆ ಸೊಸೆಯ ಕಡೆ ತಿರುಗಿ, "ಶ್ರುತಿ, ಸಾಬ್ರಿಗೆ ಎತ್ರದ ಕುರ್ಚಿ ತಕ್ಕೊಡು. ಅವ್ರಿಗೆ ಮಂಡಿ ನೋವು," ಎಂದರು.

ಫೋನು ದೇವರ ಗೂಡಿನಲ್ಲಿತ್ತು. ಹಿಂಬದಿಯ ಮುಚ್ಚಳ ಬಿದ್ದುಹೋಗದಂತೆ ರಬ್ಬರ್ ಬ್ಯಾಂಡು ಹಾಕಿತ್ತು.

"ದಿನಾ ಎದ್ದು ಹೂ ಕಟ್ಟೋವಾಗ ಹಾಕ್ಕಂತೀನಿ ಕಣವ್ವ," ಎಂದರು ಶಿವಲಿಂಗಮ್ಮ. "ಇರೋದೊಂದೇ. ಇನ್ನೊಂದ್ ಹಾಕ್ಕೊಡು ಕಣ್ಲಾ ಅಂದ್ರೆ ಇವ್ನು ಹಾಕ್ಕೊಡಾಕಿಲ್ಲ."

ಮೆಹ್ರೀನ್ ತಂತಿ ಜೋಡಿಸಿದಳು. ಲ್ಯಾಪ್‌ಟಾಪಿನ ಪರದೆ ಕಪ್ಪಾಯಿತು. ನಂತರ ಎಡದಿಂದ ಬಲಕ್ಕೆ ಕಿತ್ತಳೆ ಬಣ್ಣ ಹರಿಯತೊಡಗಿತು.

ಹದಿನಾರು ಸಾವಿರದ ಗೆರೆ ಬಂತು. ಬಣ್ಣ ನಿಲ್ಲಲಿಲ್ಲ. ತೆಳುವಾಗುತ್ತಾ, ತೆಳುವಾಗುತ್ತಾ ಪರದೆಯ ಮೇಲಂಚಿನವರೆಗೂ ಹೋಯಿತು. ಹಾಡು ನಿಲ್ಲಿಸಿ ಉಸಿರೆಳೆದುಕೊಂಡ ಕಡೆಯಲ್ಲೂ ಅದು ಹಾಗೇ ಇತ್ತು. ಎಂಬತ್ತಾರನೆಯ ಇಸವಿಯ ಟೇಪಿನ ಸುಯ್ ಸದ್ದು.

ಗಿರಿಜಾಂಬ ಪಟ್ಟಿಯನ್ನು ಶಶಿಕಿರಣನ ಕೈಗೆ ಕೊಟ್ಟರು. "ಕೆಳಗಿರುವ ಸಹಿ ಯಾರದು?"

"ಅಪ್ಪಂದು."

"ಐದನೆಯ ಹಾಡಿನ ಮುಂದಿರುವ ಆರು ಅಕ್ಷರ ಓದಿ. ಶ್ರುತಿ, ಈ ಪರದೆಯ ಮೇಲೆ ಬಂದಿರುವ ಫೋನಿನ ಫೈಲಿನ ಗುರುತನ್ನು ನೀನು ಓದಮ್ಮ."

"ಏಳು, ಸಿ, ಒಂಬತ್ತು," ಎಂದ ಶಶಿಕಿರಣ್.

"ಏಳು, ಸಿ, ಒಂಬತ್ತು," ಎಂದಳು ಶ್ರುತಿ.

"ಒಂದು." ಅವನ ದನಿ ಇಳಿಯಿತು. "ಎ, ನಾಲ್ಕು."

ಶ್ರುತಿ ಗಂಡನ ಮುಖ ನೋಡಿದಳು. ಆಮೇಲೆ ಪರದೆ ನೋಡಿ ಸ್ಪಷ್ಟವಾಗಿ ಓದಿದಳು. "ಒಂದು, ಎ, ನಾಲ್ಕು."

"ಇದನ್ನ ಇವ್ಳು ತನ್ನ ಲ್ಯಾಪ್‌ಟಾಪಿಂದ ಹಾಕಿರ್ತಾಳೆ," ಶಶಿಕಿರಣ್ ತಟ್ಟನೆ ಹೇಳಿದ. "ಅದ್ರಲ್ಲಿ ಅಸಲಿ, ಪೆನ್‌ಡ್ರೈವಲ್ಲಿ ನಕಲಿ. ಅದೇ ತಾನೆ ನಾನ್ ಹೇಳ್ತಿರೋದು?"

"ನಾನು ಅವತ್ತು ಲ್ಯಾಪ್‌ಟಾಪ್ ತಂದೇ ಇರಲಿಲ್ಲ ಅಣ್ಣ," ಎಂದಳು ಮೆಹ್ರೀನ್.

"ನಿನ್ ಅಂಗ್ಡಿ ಕಂಪ್ಯೂಟರಲ್ಲೇ ಅಲ್ವೇನ್ಲಾ ಹಾಕಿದ್ದು?" ಶಿವಲಿಂಗಮ್ಮ ಕೇಳಿದರು. "ಔಷ್ದಿ ಡಬ್ಬ ಪಕ್ಕಕ್ ಸರ್ಸಿ, ನೀನೇ ಈ ಮಗೀಗೆ ಜಾಗ ಮಾಡ್ಕೊಟ್ಟೆ. ನಿಮ್ಮಪ್ಪ ಅಲ್ಲಿ ಕುಂತಿದ್ರು. ಮರ್ತ್ಬುಟ್ಟಾ?"

ಶಶಿಕಿರಣ್ ಮರೆತಿರಲಿಲ್ಲ. ಅದು ಅವನ ಮುಖದಲ್ಲೇ ಕಾಣುತ್ತಿತ್ತು.

"ಈಗ ತಾನೆ ಜಯಕುಮಾರ್ ಹತ್ತಿರ ಹೋಗಿ ಬಂದೆವು," ಎಂದರು ಗಿರಿಜಾಂಬ.

ಅವನು ಗಾಜಿನ ಮೇಲೆ ಎರಡೂ ಕೈ ಊರಿದ.

"ಓಡದ ಫೈಲುಗಳನ್ನೆಲ್ಲ ತೆಗೆದಿದ್ದೀನಿ ಅಂತ ಅವರು ನಿಮಗೆ ಅವತ್ತೇ ಹೇಳಿದ್ದರು. ಧ್ವನಿ ಭಂಡಾರದವರು ಫ್ಲ್ಯಾಕ್ ಬೇಕು ಅಂದಾಗ ನಿಮ್ಮ ಹತ್ತಿರ ಎಂಪಿತ್ರಿ ಮಾತ್ರ ಇತ್ತು. ಅದನ್ನೇ ಫ್ಲ್ಯಾಕ್ ಮಾಡಿ ಕಳಿಸಿದಿರಿ."

"ಮೋಸ ಮಾಡಾಕಲ್ಲ ಮೇಡಂ."

"ಅಲ್ಲ, ನನಗೂ ಗೊತ್ತು."

"ನೆಟ್ಟಲ್ಲಿ ಇತ್ತು. ಇದ್ನ ಹಾಕಿದ್ರೆ ಅದಾಯ್ತದೆ ಅಂತ. ಫೈಲು ದೊಡ್ಡದೂ ಆಯ್ತು. ಸರಿ ಹೋಯ್ತು ಅನ್ಕಂಡೆ. ಅವ್ರು ನಕಲಿ ಅಂತ ವಾಪಸ್ ಕಳ್ಸಿದ್ ಮ್ಯಾಕೇ ನಂಗೆ ಗೊತ್ತಾಗಿದ್ದು, ಎಲ್ಲಾ ಹೋಯ್ತು ಅಂತ." ಅವನು ತಾಯಿಯ ಕಡೆ ನೋಡಲಿಲ್ಲ. "ಟೇಪ್ನ ಗುಣೀಲಿ ಇಟ್ಟೋನು ನಾನು. ಬ್ಯಾಡ ಕಣ್ಲಾ, ಇರ್ಲಿ ಅಂತ ಅವ್ವ ಹೇಳಿದ್ಲು. ನಾನು ಕೇಳ್ಲಿಲ್ಲ. ಈಗ ಅವ್ಳಿಗೆ ಏನಂತ ಹೇಳ್ಲಿ? ಸಾಬ್ರ ಹೆಸ್ರು ಬಾಯಿಗ್ ಬಂತು. ಒಂದ್ಸಲ ಅಂದ್ ಮ್ಯಾಲೆ ವಾಪಸ್ ತಕ್ಕಳಾಕೆ ಆಗ್ಲಿಲ್ಲ."

ಅಂಗಡಿಯ ಮುಂದೆ ಒಬ್ಬ ಗಿರಾಕಿ ಬಂದು ನಿಂತ. ಒಳಗಿನವರ ಮುಖ ನೋಡಿ, "ಆಮ್ಯಾಕ್ ಬತ್ತೀನಿ ಬುಡಿ," ಎಂದು ಹೊರಟುಹೋದ.

ಶಿವಲಿಂಗಮ್ಮ ಮಗನನ್ನು ಬೈಯಲಿಲ್ಲ. ಲ್ಯಾಪ್‌ಟಾಪಿಗೆ ಜೋಡಿಸಿದ್ದ ಫೋನನ್ನು ನೋಡುತ್ತಾ ನಿಂತಿದ್ದರು.

"ಹಂಗಾರೆ ಇದೊಂದೇ ಉಳ್ಕಂಡಿರಾದಾ ಮೇಡಮ್ಮೋರೆ?"

"ಅಸಲಿಯಲ್ಲಿ ಇದೊಂದೇ ಅಮ್ಮ."

"ಇಪ್ಪತ್ತೆರ್ಡು ಹೋಯ್ತು."

ಶುಕೂರ್ ಸಾಹೇಬರು ಏನೋ ಹೇಳಲು ಬಾಯಿ ತೆರೆದರು. ಹೇಳಲಿಲ್ಲ. ಗಿರಿಜಾಂಬ ಅದನ್ನು ಗಮನಿಸಿದರು, ದುಃಖವೆಂದುಕೊಂಡರು.

ಶಿವಲಿಂಗಮ್ಮ ರಬ್ಬರ್ ಬ್ಯಾಂಡನ್ನು ಸರಿಮಾಡಿ ಫೋನನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡರು. "ಸಾಬ್ರೆ, ನನ್ ಮಗ ನಿಮ್ಗೆ ಮಾಡ್ಬಾರದ್ದ ಮಾಡ್ಬುಟ್ಟ. ಉಂಡ್ಕಂಡ್ ಹೋಗಿ. ಅವ್ರಿದ್ದಿದ್ರೆ ನಿಮ್ಮನ್ನ ಹಂಗೇ ಕಳಿಸ್ತಿರ್ಲಿಲ್ಲ."

"ಬ್ಯಾಡ ತಾಯಿ."

"ಬ್ಯಾಡ ಅನ್ಬೇಡಿ."

ಶಶಿಕಿರಣ್ ದೂರಿನ ಕಾಗದವನ್ನು ಗಾಜಿನ ಕೆಳಗಿನಿಂದ ಎಳೆದು ಹರಿದ. ಗಿರಿಜಾಂಬ ಅವನನ್ನೇ ನೋಡುತ್ತಿದ್ದರು.

"ಅದು ಸಾಲದು. ಹನ್ನೊಂದು ಮನೆಯವರು ಟೇಪು ವಾಪಸು ತೆಗೆದುಕೊಂಡು ಹೋಗಿದ್ದಾರೆ. ಅವರಿಗೆಲ್ಲ ಗೊತ್ತಾಗಬೇಕು."

"ಬರ್ದು ಕೊಡ್ತೀನಿ ಮೇಡಂ. ನೀವೇ ಹೇಳಿ."

ಅವರು ಹೇಳಿದರು, ಅವನು ಬರೆದ. ನಾಲ್ಕೇ ಸಾಲು. ಹಾಡುಗಳು ಹಾಳಾದದ್ದು ತನ್ನ ಮನೆಯಲ್ಲಿ. ಚನ್ನಪಟ್ಟಣದ ಶುಕೂರ್ ಅವರು ಕೊಟ್ಟದ್ದು ಅಸಲಿ. ತಾವು ಕೊಟ್ಟ ಮಾತಿನಂತೆ ಅವರು ಯಾವ ಪ್ರತಿಯನ್ನೂ ಇಟ್ಟುಕೊಂಡಿಲ್ಲ. ತಾನು ಹೇಳಿದ್ದು ಸುಳ್ಳು. ಶಶಿಕಿರಣ್ ಸಹಿ ಹಾಕಿದ. ಸಾಕ್ಷಿಯ ಜಾಗದಲ್ಲಿ ಗಿರಿಜಾಂಬ ಸಹಿ ಹಾಕಿದರು. ಮೂವತ್ತೊಂದು ವರ್ಷ ಪರೀಕ್ಷೆಯ ಕಾಗದಗಳಿಗೆ ಹಾಕಿದ ಸಹಿ; ಒಂದನ್ನೂ ಹಿಂದಕ್ಕೆ ತೆಗೆದುಕೊಂಡದ್ದಿಲ್ಲ.

"ನೀವೂ ಒಂದು ಹಾಕಿ ಸಾಹೇಬರೇ. ಒಪ್ಪಿದ್ದೀರಿ ಅಂತ."

"ನಂದ್ಯಾಕ್ ಮೇಡಂ," ಎಂದರು ಸಾಹೇಬರು. "ನಿಮ್ದೇ ಸಾಕು."

ಪಟ್ಟಿಯ ಚಿತ್ರವನ್ನು ಗಿರಿಜಾಂಬ ಧ್ವನಿ ಭಂಡಾರದ ಭಾನುಪ್ರಿಯಳಿಗೆ ಕಳಿಸಿದರು. ಐದನೆಯ ಹಾಡು ಅಸಲಿಯಾಗಿ ಸಿಕ್ಕಿದೆ, ಅದೊಂದನ್ನಾದರೂ ಸೇರಿಸಿಕೊಳ್ಳಿ ಎಂದು ಒಂದು ಸಾಲು ಬರೆದರು.

ನಡುಮನೆಯಲ್ಲಿ ಮುದ್ದೆ, ಹಿತಕಿದ ಅವರೆಬೇಳೆ ಸಾರು. ಸಾಹೇಬರಿಗೆ ನೆಲದಲ್ಲಿ ಕೂರಲಾಗದೆಂದು ಶ್ರುತಿ ಒಂದು ಸ್ಟೂಲು ತಂದು ಮುಂದಿಟ್ಟು, ಅದು ಅಲುಗದ ಹಾಗೆ ಕಾಲಿಗೆ ರಟ್ಟು ಮಡಿಚಿಟ್ಟಳು. ಶಶಿಕಿರಣ್ ತಾನು ಉಣ್ಣದೆ ಬಡಿಸುತ್ತಿದ್ದ. ಎರಡು ಸಲ ಸಾಹೇಬರ ತಟ್ಟೆಯ ಮುಂದೆ ನಿಂತ, ಏನೂ ಹೇಳಲಾಗದೆ ತುಪ್ಪ ಹಾಕಿ ಮುಂದೆ ಹೋದ.

"ಇನ್ನೊಸಿ ಹಾಕ್ಲಾ," ಎಂದರು ಶಿವಲಿಂಗಮ್ಮ.

ಅಷ್ಟರಲ್ಲಿ ಗಿರಿಜಾಂಬ ಅವರ ಫೋನು ಬಡಿದುಕೊಂಡಿತು. ಭಾನುಪ್ರಿಯ.

"ಮೇಡಂ, ಪಟ್ಟಿ ನೋಡಿದೆ. ಐದನೇ ಹಾಡು ಮಾತ್ರ ಯಾಕೆ ಅಂತೀರಿ? ಎಲ್ಲವೂ ಹೊಂದುತ್ತವಲ್ಲ."

"ಎಲ್ಲವೂ ಅಂದರೆ?"

"ಇಪ್ಪತ್ತಮೂರೂ. ಒಂದೊಂದಾಗಿ ನೋಡಿದೆ. ಗುರುತೂ ಅದೇ, ಉದ್ದವೂ ಅದೇ. ಟೇಪಿನ ಸುಯ್ ಸದ್ದು ತುದಿವರೆಗೂ ಇದೆ. ತುಂಬಾ ಚೆನ್ನಾಗಿ ಇಳಿಸಿದ್ದಾರೆ ಮೇಡಂ."

ಗಿರಿಜಾಂಬ ಗೋಡೆಯ ಕಡೆ ಸ್ವಲ್ಪ ತಿರುಗಿದರು. "ನಿಮಗೆ ಎಲ್ಲಿಂದ ಬಂತು ಅದು?"

"ನೀವೇ ಕಳಿಸಿದ್ದು ಅಂದುಕೊಂಡೆ! ಬೆಳಿಗ್ಗೆ ಟಪಾಲಿನಲ್ಲಿ ಬಂತು. ಲಕೋಟೆಯೊಳಗೆ ಒಂದು ಮೆಮೊರಿ ಕಾರ್ಡು. ಕಾಗದ ಇಲ್ಲ, ಕಳಿಸಿದವರ ಹೆಸರೂ ಇಲ್ಲ. ಮುದ್ರೆ ಮಾತ್ರ ಇದೆ. ಚನ್ನಪಟ್ಟಣ ಅಂಚೆ ಕಚೇರಿ, ನಾಲ್ಕು ದಿನದ ಹಿಂದಿನದು."

ಗಿರಿಜಾಂಬ ಫೋನನ್ನು ಮಡಿಲಿಗಿಟ್ಟುಕೊಂಡರು. ಸಾಹೇಬರು ಯಾವ ಪ್ರತಿಯನ್ನೂ ಇಟ್ಟುಕೊಂಡಿಲ್ಲವೆಂದು ತಾವು ಸಹಿ ಹಾಕಿದ್ದ ಕಾಗದ ಚೌಕವಾಗಿ ಮಡಿಸಿದ್ದು ಪಕ್ಕದಲ್ಲೇ ಇತ್ತು.

"ಏನಂತೆ ಮೇಡಂ?" ಮೆಹ್ರೀನ್ ಕೇಳಿದಳು. ಅವಳ ಮುಖದಲ್ಲಿ ಕುತೂಹಲ ಬಿಟ್ಟರೆ ಬೇರೇನೂ ಇರಲಿಲ್ಲ.

"ಏನ್ ಸಮಾಚಾರ ಮೇಡಮ್ಮೋರೆ?" ಎಂದರು ಶಿವಲಿಂಗಮ್ಮ. ಸೌಟು ಹಿಡಿದಿದ್ದ ಶಶಿಕಿರಣನೂ, ಬಾಗಿಲ ಬಳಿಯ ಶ್ರುತಿಯೂ ಅವರ ಕಡೆ ತಿರುಗಿದರು.

ಶುಕೂರ್ ಸಾಹೇಬರು ಮಾತ್ರ ಏನೂ ಕೇಳಲಿಲ್ಲ. ತಟ್ಟೆ ನೋಡುತ್ತಾ, ಮುರಿದ ಮುದ್ದೆಯ ತುತ್ತನ್ನು ಬೆರಳಲ್ಲೇ ಹಿಡಿದುಕೊಂಡು ಕುಳಿತಿದ್ದರು.